ದಪ್ಪ ಎಲುಬು

ದೊಡ್ಡಪ್ಪ ಸುರುಳಿಗಳನ್ನು ಹಂಚುತ್ತಿದ್ದರು.

ಹಜಾರದ ನಡುವೆ ಅಪ್ಪನನ್ನು ಮಲಗಿಸಿದ್ದರು. ಬಂದವರು ಒಂದು ಗಳಿಗೆ ತಲೆ ತಗ್ಗಿಸಿ ನಿಂತು, ಅಮ್ಮನ ಕೈ ಹಿಡಿದು ಏನೋ ಹೇಳಿ, ಮೂಗೊರೆಸಿಕೊಳ್ಳುತ್ತಾ ಈಚೆ ತಿರುಗಿದರೆ ಅಲ್ಲಿ ದೊಡ್ಡಪ್ಪ, ಚಿತ್ರಗಾರರು ಅಪ್ಪನ ಅಂಗಡಿಗೆ ಕೊಟ್ಟಿದ್ದ ಕ್ಯಾನ್ವಾಸ್ ಸುರುಳಿಗಳನ್ನು ಸೌದೆಯ ಹಾಗೆ ತೋಳಿನ ಮೇಲೆ ಪೇರಿಸಿಕೊಂಡು ನಿಂತಿರುತ್ತಿದ್ದರು.

"ಕುದುರೆ ನಿಮ್ದಾ?"

"ಅಲ್ಲ, ನಂದು ಸೇತುವೆ," ಅಂದರು ಮೀಸೆ ಮಾಮ. ಊರಿನ ಚಿತ್ರಗಾರರಲ್ಲೆಲ್ಲ ಹಳಬರು. ಮೀಸೆಯ ತುದಿಗೆ ಸದಾ ಒಂದಿಷ್ಟು ಬಣ್ಣ ಮೆತ್ತಿಕೊಂಡಿರುತ್ತಿತ್ತು, ಇವತ್ತು ನೀಲಿ. "ಆದ್ರೆ ಇವತ್ತೇ ಯಾಕೆ ಸಾರ್? ಅವನಿನ್ನೂ ಇಲ್ಲೇ ಮಲಗಿದಾನೆ."

"ನೀವೆಲ್ಲಾ ಒಟ್ಟಿಗೆ ಇನ್ಯಾವತ್ತು ಸಿಗ್ತೀರಿ? ಸಂಜೆ ಮೊಬೈಲ್ ರಿಪೇರಿಯವನು ಬೀಗದ ಕೈಗೆ ಬರ್ತಾನೆ. ಅಂಗಡಿ ಅವನಿಗೇ ಅಂತ ಮಾತಾಗಿದೆ. ತಗೊಳ್ಳಿ, ಸೇತುವೆ."

ಒಳಬಾಗಿಲಿಗೆ ಒರಗಿ ನಿಂತಿದ್ದ ಮಗಳು 'ಬೇಡ' ಎನ್ನಬೇಕೆಂದುಕೊಂಡಳು. ಆಗಲಿಲ್ಲ. ಅವಳ ಬಾಯಲ್ಲಿ ಮೊಳೆಗಳಿದ್ದವು.

ಬೆಳಿಗ್ಗೆ ಮೊದಲ ಗುಂಪು ಬಂದು "ಹೇಗಾಯ್ತಮ್ಮಾ?" ಎಂದು ಕೇಳಿದ್ದೇ ತಡ, ಅವಳು ಮನೆಯ ಹಿಂದೆ ಓಣಿಗೆ ತೆರೆಯುವ ಅಂಗಡಿಯ ಕೆಲಸದ ಕೋಣೆಗೆ ಹೋಗಿ ಡಬ್ಬಿಯಿಂದ ಒಂದು ಚಿಟಿಕೆ ಸಣ್ಣ ಮೊಳೆ ತೆಗೆದು ತುಟಿಯ ನಡುವೆ ಇಟ್ಟುಕೊಂಡು ಬಂದಿದ್ದಳು. ಬಾಯಿ ತುಂಬ ಮೊಳೆ ಇರುವವರನ್ನು ಯಾರೂ ಮಾತಾಡಿಸುವುದಿಲ್ಲ. ಅಪ್ಪನನ್ನು ನೋಡಿ ಕಲಿತದ್ದು. ಕ್ಯಾನ್ವಾಸ್ ಬಿಗಿಯುವಾಗ ಎರಡು ಕೈಯೂ ಬೇಕು, ಹಾಗಾಗಿ ಮೊಳೆ ಬಾಯಲ್ಲೇ ಇರಬೇಕು. ಅಪ್ಪ ಬದುಕಿನ ಮುಕ್ಕಾಲು ಪಾಲು ಮಾತನ್ನು 'ಹ್ಞೂಂ', 'ಉಹ್ಞೂಂ'ಗಳಲ್ಲೇ ಮುಗಿಸಿದ್ದ. ಮಗಳು ಡಿಗ್ರಿ ಮುಗಿಸಿ ಬಂದು ಅದೇ ಬೆಂಚಿನ ಇನ್ನೊಂದು ತುದಿಗೆ ನಿಂತಳು. ಅವಳು ಮೊಳೆಯಿಲ್ಲದೆಯೂ ಹಾಗೆಯೇ ಮಾತಾಡುತ್ತಿದ್ದುದರಿಂದ ಚಿತ್ರಗಾರರು ಅವಳಿಗೆ 'ಪಿಸುಮಾತು' ಎಂದು ಹೆಸರಿಟ್ಟಿದ್ದರು.

ಅಷ್ಟರಲ್ಲಿ ಬೀದಿಯಿಂದಲೇ ಗುಡುಗಮ್ಮನ ದನಿ ಕೇಳಿಸಿತು. ಆಕೆ ದೊಡ್ಡ ಚಿತ್ರಗಳನ್ನೇ ಬರೆಯುವವರು, ಅಳುವುದೂ ದೊಡ್ಡದಾಗಿಯೇ. ಒಳಗೆ ಬಂದು ಅಪ್ಪನ ಕಾಲ ಬಳಿ ನಿಂತು ಮನಸಾರೆ ಅತ್ತರು. ಸುತ್ತಲಿನವರೂ ಇನ್ನೊಂದು ಸುತ್ತು ಅತ್ತರು. ಆಮೇಲೆ ಆಕೆ ಕರವಸ್ತ್ರ ಮಡಚಿ ಒಳಗಿಟ್ಟು ಕೇಳಿದರು: "ಎಲುಬು ಎಲ್ಲಿ?"

ಕುರ್ಚಿಯಲ್ಲಿದ್ದ ಅತ್ತೆ ಬೆಚ್ಚಿದಳು. "ಯಾರ ಎಲುಬು?"

"ಇವನದ್ದೇ ಕಣ್ರೀ. ನನಗೆ ಅಂತಲೇ ತೆಗೆದಿಟ್ಟಿದ್ದ. ಸಂಜೆಯೊಳಗೆ ಚರ್ಮ ಎಳೆದು ಗೋಡೆಗೆ ಹತ್ತಿಸ್ಬೇಕು."

"ಅಯ್ಯಯ್ಯೋ!" ಅತ್ತೆ ಎದ್ದು ಹೋಗಿ ಅಣ್ಣನ ಮೇಲಿನ ಹೊದಿಕೆಯನ್ನು ಎರಡು ಕೈಯಲ್ಲೂ ಅವುಚಿ ಹಿಡಿದಳು. "ಜೀವಮಾನವಿಡೀ ನಿಮಗೇ ದುಡಿದ. ಈಗ ಇದನ್ನೂ ಬಿಡಲ್ವಾ?"

ಮೀಸೆ ಮಾಮ ನಡುವೆ ಬಂದು ಬಿಡಿಸಿ ಹೇಳಬೇಕಾಯಿತು. ಕ್ಯಾನ್ವಾಸಿನ ಹಿಂದೆ, ಬಟ್ಟೆಯನ್ನು ಬಿಗಿಯಾಗಿ ಹಿಡಿದು ನಿಲ್ಲಿಸುವ ಮರದ ಚೌಕಟ್ಟು ಇರುತ್ತದಲ್ಲ, ಅದಕ್ಕೆ ಈ ಅಂಗಡಿಯಲ್ಲಿ ಎಲುಬು ಅಂತಲೇ ಹೆಸರು. ಬಟ್ಟೆ ಅಂದರೆ ಚರ್ಮ. "ಅವನೇ ಕಟ್ಟಿದ ಮಾತಮ್ಮಾ. ನಮಗೆಲ್ಲ ಬಾಯಿಗೆ ಬಂದ್ಬಿಟ್ಟಿದೆ."

ಅತ್ತೆ ಹೊದಿಕೆ ಬಿಟ್ಟಳು, ಆದರೆ ಪೂರ್ತಿ ನಂಬಲಿಲ್ಲ. ಕುರ್ಚಿಯನ್ನು ಅಣ್ಣನ ಪಕ್ಕಕ್ಕೇ ಎಳೆದುಕೊಂಡು ಕೂತಳು.

"ಆ ಮಾತೆಲ್ಲ ಬಿಡಿ," ದೊಡ್ಡಪ್ಪ ಹುಡುಕಿ ತಂದ ಎಲ್ಲಕ್ಕಿಂತ ದಪ್ಪ ಸುರುಳಿಯನ್ನು ಗುಡುಗಮ್ಮನ ಮುಂದೆ ಹಿಡಿದರು. "ನಿಮ್ದು ಇದು ತಾನೇ? ತಗೊಂಡು ಹೋಗಿ ಬೇರೆ ಕಡೆ ಮಾಡಿಸಿ."

"ಬೇರೆ ಕಡೆ ಎಲ್ಲಿ? ಸಂಜೆ ಓದುಮನೆ, ಅದೇ ಹೊಸ ಲೈಬ್ರರಿ, ಬಾಗಿಲು ತೆಗೀತಾರೆ. ಎದುರು ಗೋಡೆ ಪೂರ್ತಿ ಇದಕ್ಕೇ ಅಂತ ಬಿಟ್ಟಿದಾರೆ. ನಿಮ್ಮ ತಮ್ಮ ಮಾತು ಕೊಟ್ಟಿದಾನೆ."

"ಅವನೇ ಇಲ್ವಲ್ಲ."

"ಪಿಸುಮಾತು ಇದಾಳಲ್ಲ!"

ಎಲ್ಲರೂ ಒಳಬಾಗಿಲ ಕಡೆ ತಿರುಗಿದರು. ಮಗಳು ಮೊಳೆಗಳನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿದಳು.

"ಇವಳಾ?" ದೊಡ್ಡಪ್ಪ ನಕ್ಕರು, ಕೆಟ್ಟ ಮನಸ್ಸಿನಿಂದಲ್ಲ. "ಇವಳು ಒಳಗೆ ಬನ್ನಿ ಅನ್ನೋಷ್ಟರಲ್ಲಿ ಗಿರಾಕಿ ತನ್ನ ಮನೆ ಸೇರಿರ್ತಾನೆ. ಎಳೆಯೋದು, ಬಡಿಯೋದು ಮಾಡ್ತಾಳೆ, ಇಲ್ಲ ಅನ್ನಲ್ಲ. ಯಾವ ಚಿತ್ರಕ್ಕೆ ಯಾವ ಚೌಕಟ್ಟು ಅಂತ ಆರಿಸ್ತಿದ್ದವನು ಇವನು. ಅದು ಬರದೆ ಅಂಗಡಿ ಹೇಗೆ ನಡೆಯತ್ತೆ?"

ಅಮ್ಮ ಮಗಳನ್ನೇ ನೋಡುತ್ತಾ ಅಂದಳು: "ನಿನ್ನ ಚಿಕ್ಕಪ್ಪನ ರೈಲು ತಡ ಅಂತೆ. ಅವನು ಬರೋವರೆಗೂ ಇವರನ್ನ ಕರ್ಕೊಂಡು ಹೋಗೋ ಹಾಗಿಲ್ಲ. ಅಷ್ಟರೊಳಗೆ ಆ ಚಿತ್ರ ಎದ್ದು ನಿಂತರೆ ಬೀಗದ ಕೈ ನಿನಗೆ. ಇಲ್ಲದಿದ್ರೆ ದೊಡ್ಡಪ್ಪ ಹೇಳಿದ ಹಾಗೆ. ನೋಡೋಣ ಮಾಡೋಣ ಅಂತ ಎಳೀಬೇಡ, ನನ್ನ ಕೈಲಿ ಆಗಲ್ಲ."

"ಹ್ಞೂಂ," ಅಂದಳು ಮಗಳು.

"ಹ್ಞೂಂ ಅಂದ್ರೆ ಹೌದು ಅಂತಲಾ, ಇಲ್ಲ ಅಂತಲಾ?" ಎಂದರು ದೊಡ್ಡಪ್ಪ.

"ಹೌದು ಅಂತ," ಅಂದಳು ಅಮ್ಮ. "ಇಲ್ಲ ಅನ್ನೋದು ಇನ್ನೂ ಸ್ವಲ್ಪ ಮೂಗಿಂದ ಬರತ್ತೆ."

*

ಅಪ್ಪ ಅವಳಿಗೆ ಆರಿಸುವುದನ್ನು ಕಲಿಸಲು ನೋಡಿದ್ದ. ಚಿತ್ರವೊಂದನ್ನು ಬೆಂಚಿನ ಮೇಲೆ ಹರಡಿ, ಪಕ್ಕದಲ್ಲಿ ತೆಳು ಪಟ್ಟಿ ಒಂದು, ದಪ್ಪ ಪಟ್ಟಿ ಒಂದು ಇಟ್ಟು, ಗಲ್ಲ ಎತ್ತಿ 'ಯಾವುದು?' ಎಂಬಂತೆ ನೋಡುತ್ತಿದ್ದ.

ಅವಳು ಪಟ್ಟಿಗಳನ್ನು ನೋಡುತ್ತಿರಲಿಲ್ಲ. ಅಪ್ಪನ ಹುಬ್ಬನ್ನು ನೋಡುತ್ತಿದ್ದಳು. ಕೈಯನ್ನು ತಪ್ಪು ಪಟ್ಟಿಯ ಕಡೆ ಒಯ್ದರೆ ಹುಬ್ಬು ಸುಮ್ಮನೆ ಇರುತ್ತಿತ್ತು. ಸರಿಯಾದದ್ದರ ಕಡೆ ಒಯ್ದರೆ ಎಡ ಹುಬ್ಬಿನ ತುದಿ ಒಂದು ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಅಪ್ಪನಿಗೇ ಗೊತ್ತಿಲ್ಲದ ಚಾಳಿ. ಅವಳು ಅದನ್ನೇ ಎತ್ತಿಕೊಂಡು ಮುಂದೆ ಹಿಡಿಯುತ್ತಿದ್ದಳು. "ಹ್ಞೂಂ!" ಅಪ್ಪನಿಗೆ ಹಿಗ್ಗು. ಸಂಜೆ ಊಟಕ್ಕೆ ಕೂತಾಗ ಅಮ್ಮನ ಹತ್ತಿರ, "ಇವಳಿಗೆ ಬಂದ್ಬಿಟ್ಟಿದೆ ಕಣೇ, ನನಗಿಂತ ಬೇಗ ಹೇಳ್ತಾಳೆ," ಅನ್ನುತ್ತಿದ್ದ.

ಒಂದು ದಿನ ಅವನಿಗೆ ಗೊತ್ತಾಯಿತು. ಹೇಗೆ ಗೊತ್ತಾಯಿತೋ. ಅವತ್ತು ಪಟ್ಟಿಗಳನ್ನು ಇಟ್ಟವನೇ ತಲೆಯ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕೂತುಬಿಟ್ಟ. ಅವಳು ಎರಡು ಪಟ್ಟಿಗಳ ನಡುವೆ ನಿಂತೇ ಇದ್ದಳು. ಬೆಂಚಿನ ಮೇಲಿನ ಬಿಸಿಲು ಸರಿದು ಗೋಡೆ ಹತ್ತಿತು. ಕೊನೆಗೆ ಟೋಪಿಯೊಳಗಿಂದ ದನಿ ಬಂತು, "ತಪ್ಪಾದ್ರೆ ಬಿಚ್ಚಿ ಮತ್ತೆ ಬಡಿಯೋದು ತಾನೇ ಪುಟ್ಟಿ? ಮರ ಏನೂ ಅಂದ್ಕೊಳ್ಳಲ್ಲ."

ಅವಳು ಆರಿಸಲಿಲ್ಲ. ಅಪ್ಪ ಟೋಪಿ ಸರಿ ಮಾಡಿಕೊಂಡು ತಾನೇ ಒಂದನ್ನು ಎತ್ತಿಕೊಂಡ. ಆಮೇಲೆ ಅದರ ಮಾತು ಎತ್ತಲಿಲ್ಲ, ಟೋಪಿಯನ್ನೂ ಎಳೆದುಕೊಳ್ಳಲಿಲ್ಲ.

*

ಕೆಲಸದ ಕೋಣೆಯಲ್ಲಿ ಗುಡುಗಮ್ಮನಿಗೆಂದು ಒಂದಲ್ಲ, ಎರಡು ಚೌಕಟ್ಟುಗಳು ಗೋಡೆಗೆ ಒರಗಿದ್ದವು. ಒಂದು ತೆಳು, ಬಿಳಿ ಮರದ್ದು. ಇನ್ನೊಂದು ಅದರ ಎರಡರಷ್ಟು ದಪ್ಪ.

"ನಾನು ಹೇಳಿದ್ದು ತೆಳುವಿಗೆ," ಗುಡುಗಮ್ಮ ಅಂದರು. "ಚಿನ್ನದ ಬಣ್ಣದ ಹೊರಚೌಕಟ್ಟು ಬೇರೆ ತಂದಿಟ್ಟಿದೀನಿ. ದಪ್ಪದ್ದು ಯಾಕೆ ಮಾಡಿದ?"

"ಅದರಲ್ಲೇನೋ ಇದೆ," ಮೀಸೆ ಮಾಮ ಮೀಸೆ ತಿರುವಿದರು. "ಅವನು ಸುಮ್ಮನೆ ಮಾಡೋನಲ್ಲ. ತೆಳು ನಾವು ಕೇಳಿದ್ದು, ದಪ್ಪ ನಮಗೆ ಬೇಕಾಗಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಗಿದಾನೆ ನೋಡಿ! ಎಂಥಾ ಮಾತು ಹೇಳ್ಬಿಟ್ಟ."

ಬಾಗಿಲಲ್ಲಿ ಸೇರಿದ್ದ ಚಿತ್ರಗಾರರೆಲ್ಲ ಹೌದು ಹೌದು ಎಂದು ತಲೆದೂಗಿದರು. ಒಬ್ಬರ ಕಣ್ಣಲ್ಲಿ ನೀರೂ ಬಂತು.

ಮಗಳು ಅವರ ನಡುವೆ ದಾರಿ ಮಾಡಿಕೊಂಡು ಹಜಾರಕ್ಕೆ ಹೋದಳು. ಅಪ್ಪನ ಮುಖದ ಮೇಲೆ ಬಗ್ಗಿದಳು. ನಿನ್ನೆ ಮಧ್ಯಾಹ್ನ ಬೆಂಚಿಗೆ ಕೈಯೂರಿ ನಿಂತವನು ಹಾಗೇ ಕುಸಿದಿದ್ದ. ಎಡ ಹುಬ್ಬಿನ ಮೇಲೆ ಇನ್ನೂ ಮರದ ಪುಡಿ ಇತ್ತು. ತೆಳು, ಎಂದು ಮನಸ್ಸಿನಲ್ಲೇ ಅಂದುಕೊಂಡಳು. ದಪ್ಪ, ಎಂದುಕೊಂಡಳು. ಹುಬ್ಬು ಹುಬ್ಬಿನ ಪಾಡಿಗೆ ಇತ್ತು. ಬೆರಳ ತುದಿಯಿಂದ ಆ ಪುಡಿಯನ್ನು ಒರೆಸಿದಳು. ಆಗ ಅವಳಿಗೆ ಮೊದಲ ಸಲ ಅಳು ಬಂತು. ಮೊಳೆ ಬಾಯಲ್ಲಿಟ್ಟುಕೊಂಡು ಅಳುವುದು ಕಷ್ಟ. ಅಳು ನುಂಗಿಕೊಂಡು ವಾಪಸು ಬಂದಳು.

ತೆಳು ಚೌಕಟ್ಟನ್ನು ಎತ್ತಿ, ಅದರ ಒಂದು ತುದಿಯನ್ನು ಕಣ್ಣಿಗೆ ಹಿಡಿದು ಉದ್ದಕ್ಕೂ ನೋಡಿದಳು. ಮರ ನಡುವಿನಲ್ಲಿ ಒಂದು ಗಂಟನ್ನು ಬಳಸಿ ಪಕ್ಕಕ್ಕೆ ಹೊರಳಿತ್ತು. ಇದಕ್ಕೆ ಬಟ್ಟೆ ಬಿಗಿದರೆ ನಾಳೆಯೇ ಒಂದು ಮೂಲೆ ಗೋಡೆ ಬಿಟ್ಟು ಏಳುತ್ತದೆ. ದಪ್ಪದ್ದು ನೂಲು ಹಿಡಿದ ಹಾಗೆ ನೇರವಾಗಿತ್ತು. ಆದರೆ ಟೇಪು ಹಿಡಿದು ನೋಡಿದಾಗ ಗುಡುಗಮ್ಮ ಕೊಟ್ಟಿದ್ದ ಅಳತೆಗಿಂತ ಉದ್ದದಲ್ಲಿ ಒಂದು ಅಂಗೈಯಷ್ಟು ಕಡಿಮೆ. ಅವಳು ಮತ್ತೆ ಅಳೆದಳು. ಕಡಿಮೆಯೇ.

"ಗೊತ್ತಾಯ್ತಾ?" ಅಮ್ಮ ಬಾಗಿಲಲ್ಲಿ ನಿಂತಿದ್ದಳು. "ಕಣ್ಣು ಸರಿಯಾಗಿ ಕಾಣಿಸ್ತಿರಲಿಲ್ಲ ಅವರಿಗೆ. ಮೊದಲನೇದು ತಿರುಚ್ಕೊಂತು. ಎರಡನೇದು ಗಿಡ್ಡ ಆಯ್ತು. ನಿನಗೆ ಹೇಳ್ಬೇಡ ಅಂದ್ರು, ಮೂರನೇದು ಸರಿಯಾಗಿ ಮಾಡಿ ತೋರಿಸ್ತೀನಿ ಅಂದ್ರು. ನಿನ್ನೆ ಅದಕ್ಕೇ ಮರ ತೆಗೀತಿದ್ದಿದ್ದು."

ಮೀಸೆ ಮಾಮ ಕೆಮ್ಮಿದರು. ಕಣ್ಣೀರು ತಂದುಕೊಂಡಿದ್ದವರು ಅದನ್ನು ಎಲ್ಲಿಡುವುದೆಂದು ತಿಳಿಯದೆ ನಿಂತರು.

ಮಗಳು ಟೇಪನ್ನು ಸುತ್ತಿಟ್ಟಳು. ಇಷ್ಟು ಹೊತ್ತೂ ಅವಳು ಹುಡುಕುತ್ತಿದ್ದ ಉತ್ತರ ಇರಲೇ ಇಲ್ಲ! ಅಪ್ಪ ಏನನ್ನೂ ಆರಿಸಿಟ್ಟಿರಲಿಲ್ಲ. ಯಾವ ಹುಬ್ಬನ್ನೂ ಓದಬೇಕಿಲ್ಲ. ಹೆದರಿಕೆ ಆಗಬೇಕಿತ್ತು, ಆಯಿತು ಕೂಡ; ಆದರೆ ಅದರ ಬೆನ್ನಿಗೇ ಇನ್ನೊಂದು ಬಂತು. ಜಾತ್ರೆಗೆ ಹೊರಟ ಮಗುವಿನಂಥ ಖುಷಿ. ಅಪ್ಪ ಸತ್ತ ಮನೆಯಲ್ಲಿ! ಅವಳ ಕಿವಿ ಬಿಸಿಯಾಯಿತು. ಯಾರಿಗಾದರೂ ಕಂಡೀತೆಂದು ಮುಖ ತಗ್ಗಿಸಿ ಸುರುಳಿಯ ದಾರ ಬಿಚ್ಚಿದಳು.

ಬಟ್ಟೆ ನೆಲದ ಮೇಲೆ ಉರುಳುತ್ತಾ ಹೋಯಿತು. ಅಗಸರ ಕಟ್ಟೆ. ಇಬ್ಬರು ಹೆಂಗಸರು ಒಂದು ಉದ್ದನೆಯ ಒದ್ದೆ ದುಪ್ಪಟಿಯನ್ನು ಆ ತುದಿ ಈ ತುದಿ ಹಿಡಿದು ಹಿಂಡುತ್ತಿದ್ದಾರೆ. ಒಬ್ಬಳು ಬಲಕ್ಕೆ ವಾಲಿದ್ದಾಳೆ, ಒಬ್ಬಳು ಎಡಕ್ಕೆ. ದುಪ್ಪಟಿ ನಡುವೆ ಹಗ್ಗವಾಗಿದೆ, ನೀರು ಸುರಿಯುತ್ತಿದೆ. ಎಳೆತ ಎಷ್ಟೆಂದರೆ ಇಬ್ಬರ ಮೊಣಕೈಗಳೂ ಚಿತ್ರದ ಅಂಚು ದಾಟಿ, ಮಡಚಿ ಹಿಂದಕ್ಕೆ ಹೋಗಬೇಕಾದ ಬಟ್ಟೆಯ ಮೇಲೂ ಮುಂದುವರಿದಿದ್ದವು.

"ನಿಮಗೆ ನಿಲ್ಲಿಸೋದು ಯಾವಾಗ ಗೊತ್ತಾಗತ್ತೆ?" ಅಂದರು ಮೀಸೆ ಮಾಮ.

"ಆ ಭಾಗ ಮಡಚ್ಕೊಂಡು ಹೋಗತ್ತೆ ಬಿಡಿ. ಹೊರಚೌಕಟ್ಟೂ ಒಂದು ಬೆರಳಷ್ಟು ಮುಚ್ಚತ್ತೆ," ಎಂದರು ಗುಡುಗಮ್ಮ. "ಏ ಪಿಸುಮಾತು, ಬೇಗ ಒಂದು ತೆಳು ಎಲುಬು ಜೋಡಿಸು ಮಗೂ."

"ಉಹ್ಞೂಂ."

"ಏನದು?"

ಮಗಳು ಅಂಗೈ ಒಡ್ಡಿ ಮೊಳೆಗಳನ್ನೆಲ್ಲ ಉಗುಳಿದಳು. ನಾಲಿಗೆಗೆ ಕಬ್ಬಿಣದ ರುಚಿ. "ತೆಳು ಬೇಡ."

"ಕೇಳಿಸ್ತಿಲ್ಲ."

"ತೆಳು ಬೇಡ ಮೇಡಂ. ಇದಕ್ಕೆ ದಪ್ಪ ಎಲುಬೇ."

"ನನ್ನ ಚಿತ್ರ, ನನಗೆ ಗೊತ್ತಿಲ್ವಾ? ಹೊರಚೌಕಟ್ಟು ತಂದಿಟ್ಟಿದೀನಿ ಅಂದೆನಲ್ಲ! ದಪ್ಪದ್ದು ಅದರೊಳಗೆ ಕೂರಲ್ಲ."

"ಹೊರಚೌಕಟ್ಟು ಹಾಕ್ಬೇಡಿ! ಅದು ಇವಳ ಮೊಣಕೈ ನುಂಗತ್ತೆ. ನೋಡಿ ಇಲ್ಲಿ. ಮೊಣಕೈಯೇ ಇಲ್ದೆ ಹೇಗೆ ಹಿಂಡ್ತಾಳೆ?" ಅವಳು ಚಿತ್ರದ ಪಕ್ಕ ಮಂಡಿಯೂರಿದ್ದಳು. ದನಿ ತನ್ನಷ್ಟಕ್ಕೆ ಏರುತ್ತಿತ್ತು. ಅದು ತನ್ನದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. "ತೆಳು ಪಟ್ಟಿ ಇಷ್ಟು ಉದ್ದಕ್ಕೆ ಬಿಲ್ಲಿನ ಹಾಗೆ ಬಾಗತ್ತೆ. ಇವರಿಬ್ಬರೂ ಹಿಂಗೆ ಎಳೀತಿರೋವಾಗ ಹಿಂದೆ ಮರ ಸೋತ್ರೆ ದುಪ್ಪಟಿ ಜೋಲು ಬಿದ್ದ ಹಾಗೆ ಕಾಣತ್ತೆ. ದಪ್ಪದ್ದಾದ್ರೆ ಮೊಣಕೈ ಬದಿಗೆ ಹೊರಳತ್ತೆ. ಪಕ್ಕದಿಂದ ಬರೋರಿಗೂ ಎಳೆಯೋದು ಕಾಣತ್ತೆ. ನೀವು ಅಲ್ಲೂ ಬರೆದಿದೀರಲ್ಲ, ಯಾಕೆ ಬರೆದ್ರಿ? ನಿಮ್ಮ ಕೈಗೆ ಗೊತ್ತಿತ್ತು. ದಪ್ಪ! ದಪ್ಪದ್ದೇ!"

ಕೊನೆಯ ಮಾತು ಹಜಾರದವರೆಗೂ ಕೇಳಿಸಿತು. ಅತ್ತೆಯ ದನಿ ಬಂತು: "ಈಗ ಯಾರದ್ದು ದಪ್ಪ ಅಂತೆ?"

ಗುಡುಗಮ್ಮ ಬಗ್ಗಿ ಚಿತ್ರದ ಅಂಚನ್ನು ಎರಡು ಬೆರಳಲ್ಲಿ ಮಡಚಿ ನೋಡಿದರು. ಮೊಣಕೈ ಹೊರಳಿತು. ಬಿಟ್ಟರು. ಮತ್ತೆ ಮಡಚಿದರು.

"ಹ್ಞೂಂ," ಅಂದರು, ಆಕೆಯ ಬಾಯಿಂದ ಯಾರೂ ಕೇಳಿರದಷ್ಟು ಮೆತ್ತಗೆ. "ಬಡಿ ಹಾಗಾದ್ರೆ."

ಆಮೇಲೆ ಕೋಣೆಗೆ ಹಬ್ಬದ ಕಳೆ ಬಂತು ಎಂದರೆ ತಪ್ಪಾದೀತು, ಆದರೆ ಅದಕ್ಕೆ ಬೇರೆ ಮಾತಿಲ್ಲ. ಅಪ್ಪ ನಿನ್ನೆ ತೆಗೆದಿಟ್ಟ ಉದ್ದದ ಮರ ಬೆಂಚಿನ ಮೇಲೇ ಇತ್ತು. ಗಿಡ್ಡ ಚೌಕಟ್ಟನ್ನು ಬಿಚ್ಚಿ ಮೇಲೆ ಕೆಳಗಿನ ಎರಡು ಪಟ್ಟಿ ತೆಗೆದು ಹಾಕಿದಳು. ಎಡಬಲಕ್ಕೆ ಅಪ್ಪ ಮಾಡಿದವೇ ಸಾಕು. ಹೊಸ ಎರಡನ್ನು ತಾನು ಕೊಯ್ದಳು. ಬಟ್ಟೆಗೆ ತಾಗದ ಹಾಗೆ ಒಳ ಅಂಚನ್ನು ಇಳಿಜಾರಾಗಿ ಹೆರೆದಳು. ಇಲ್ಲದಿದ್ದರೆ ವರ್ಷ ಕಳೆಯುವುದರೊಳಗೆ ಮರದ ಗೆರೆ ಚಿತ್ರದ ಮೇಲೆ ಮೂಡುತ್ತದೆ. ಮೂಲೆಯಿಂದ ಮೂಲೆಗೆ ದಾರ ಹಿಡಿಯಲು ಕೈ ಸಾಲದಾಗ, "ಯಾರಾದ್ರೂ ಹಿಡೀರಿ!" ಎಂದು ಕೂಗಿದಳು. ಹಿಡಿದವರು ದೊಡ್ಡಪ್ಪ.

"ಇಷ್ಟು ಸಾಕಾ?"

"ಬಿಗಿಯಾಗಿ ಹಿಡೀರಿ ದೊಡ್ಡಪ್ಪ. ಜೋಲು ಬಿದ್ರೆ ಅಳತೆ ಸುಳ್ಳಾಗತ್ತೆ."

ಎರಡು ಕರ್ಣಗಳೂ ಒಂದೇ ಬಂದವು. ನಡುವಿಗೆ ಅಡ್ಡಪಟ್ಟಿ. ಬಟ್ಟೆಯ ಮುಖ ಕೆಳಗೆ ಮಾಡಿ ಹಾಸಿದರು. ನಡುವಿನಿಂದ ಶುರು, ಎದುರುಬದುರು, ಮೂಲೆ ಕೊನೆಗೆ. ಮೀಸೆ ಮಾಮ ಇಕ್ಕಳದಲ್ಲಿ ಎಳೆಯುತ್ತಾ ಏದುಸಿರು ಬಿಟ್ಟರು. ಮಗಳ ಬಾಯಲ್ಲಿ ಮೊಳೆಗಳಿರಲಿಲ್ಲ; ಗುಡುಗಮ್ಮ ಅವನ್ನು ಅಂಗೈಯಲ್ಲಿ ಹಿಡಿದುಕೊಂಡು ಒಂದೊಂದೇ ಕೊಡುತ್ತಿದ್ದರು. ಏಕೆಂದರೆ ಮಗಳಿಗೆ ಮಾತಾಡುವುದಿತ್ತು. ಎಳೀರಿ. ಬಿಡಿ. ಆ ಕಡೆ. ಅಷ್ಟೊಂದಲ್ಲ, ಹರಿಯತ್ತೆ. ಹಾಂ, ಹಾಗೆ!

ಮೂಲೆಗಳಲ್ಲಿ ಬೆಣೆ ಸೇರಿಸಿ ಎಬ್ಬಿಸಿ ನಿಲ್ಲಿಸಿದಾಗ ಇಬ್ಬರು ಹೆಂಗಸರೂ ಕೋಣೆಯ ಎರಡು ಗೋಡೆಗಳನ್ನೇ ಎಳೆಯುತ್ತಿರುವಂತೆ ಕಂಡರು. ಮೊಣಕೈಗಳು ಬದಿಗೆ ಚಾಚಿದ್ದವು. ಯಾರೋ ಶಿಳ್ಳೆ ಹಾಕಹೋಗಿ, ಎಲ್ಲಿದ್ದೇವೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು.

ಅದೇ ಹೊತ್ತಿಗೆ ಬೀದಿಯಲ್ಲಿ ಕಾರು ನಿಂತಿತು. ಚಿಕ್ಕಪ್ಪ ಬಂದ. ಹಜಾರದಲ್ಲಿ ಅಳು ಮತ್ತೆ ಎದ್ದಿತು. ಅದರ ಹಿಂದೆಯೇ ಅಪ್ಪನನ್ನು ಕರೆದೊಯ್ಯುವ ವ್ಯಾನು.

"ಬೇಗ, ಮೊದಲು ಇದನ್ನ ಓಣಿಯಿಂದ ಆಚೆ ಹಾಕಿ. ಓದುಮನೆಯ ಲಾರಿ ಮೂಲೆಯಲ್ಲಿ ಕಾಯ್ತಿದೆ," ಎಂದರು ಗುಡುಗಮ್ಮ.

ನಾಲ್ಕು ಜನ ಹಿಡಿದು ಓಣಿಯ ಬಾಗಿಲು ದಾಟಿಸಿದರು. ಓಣಿಯ ತಿರುವಿನಲ್ಲಿ ಚೌಕಟ್ಟು ಎದುರಿನ ಮನೆಯ ನೀರಿನ ಕೊಳವೆಗೆ ಬಡಿದು ನಿಂತಿತು. ಓರೆ ಮಾಡಿದರು. ಎತ್ತಿ ನೋಡಿದರು. ಇಲ್ಲ.

ಮಗಳು ಹಣೆಗೆ ಕೈ ಕೊಟ್ಟುಕೊಂಡಳು. ಓಣಿ ತಿರುಗದಷ್ಟು ದೊಡ್ಡದಕ್ಕೆ ಅಪ್ಪ ಯಾವತ್ತೂ ಒಳಗೆ ಬಟ್ಟೆ ಬಡಿದವನೇ ಅಲ್ಲ. ಅಳತೆ ನೋಡಲಷ್ಟೇ ಒಳಗೆ ಕೂಡಿಸಿ, ಆಮೇಲೆ ಪಟ್ಟಿಗಳನ್ನು ಬಿಡಿಬಿಡಿಯಾಗಿ ಬೀದಿಗೆ ಒಯ್ದು ಅಲ್ಲೇ ಜೋಡಿಸುತ್ತಿದ್ದ. ಅವಳು ಮರ ನೋಡಿದ್ದಳು, ಬಟ್ಟೆ ನೋಡಿದ್ದಳು, ಮೊಣಕೈ ನೋಡಿದ್ದಳು. ಓಣಿ ಮರೆತಿದ್ದಳು.

"ಬಿಚ್ಚೋಣವಾ?" ಎಂದರು ದೊಡ್ಡಪ್ಪ. ಅವರ ಮುಖದಲ್ಲಿ ಅವಳಿಗಿಂತ ಹೆಚ್ಚು ಸಂಕಟವಿತ್ತು.

ಬಿಚ್ಚಿದರೆ ಸಂಜೆಗೆ ಆಗುವುದಿಲ್ಲ. ಅವಳು ತಿರುಗಿ ನೋಡಿದಳು. ಕೆಲಸದ ಕೋಣೆಯ ಒಳಬಾಗಿಲು, ಅದರಾಚೆ ಹಜಾರ, ಅದರಾಚೆ ಬೀದಿ. ಯಾವಾಗಲೂ ಒಂದೇ ರೆಕ್ಕೆ ತೆರೆಯುವ ಮುಂಬಾಗಿಲು ಇವತ್ತು ಅಪ್ಪನಿಗಾಗಿ ಎರಡೂ ಕಡೆ ಹಾರು ಹೊಡೆದಿತ್ತು.

"ಒಳಗಿಂದ," ಅಂದಳು.

"ಅಲ್ಲಿ ಜನ ಇದಾರೆ. ಅವನು ಇದಾನೆ. ಕಾಲಿಡೋಕೆ ಜಾಗ ಇಲ್ಲ ಕಣೇ."

"ಮೇಲಿಂದ."

ಹಜಾರದವರು ಎದ್ದು ನಿಂತರು. ಒಳಬಾಗಿಲಿನಿಂದ ಓರೆಯಾಗಿ ಒಳಬಂದ ಚಿತ್ರವನ್ನು ಕೈಗಳು ಒಂದೊಂದಾಗಿ ಹಿಡಿದವು. ಚಿಕ್ಕಪ್ಪ ಚೀಲವನ್ನು ಕೆಳಗೆ ಹಾಕಿ ತಾನೂ ಒಂದು ಕೈ ಕೊಟ್ಟ. ಅತ್ತೆ ಕುರ್ಚಿ ಬಿಟ್ಟು ಎದ್ದು ಎರಡೂ ಕೈ ಮೇಲೆತ್ತಿದಳು. ಅಮ್ಮ ಮಾತ್ರ ಅಪ್ಪನ ತಲೆಯ ಬಳಿ ಕೂತೇ ಇದ್ದಳು.

"ಮಲಗಿಸಿ. ಬಣ್ಣ ಮೇಲಕ್ಕೆ," ಮಗಳ ದನಿ ಎಲ್ಲರ ತಲೆಯ ಮೇಲಿಂದ ಬಂತು. "ಎತ್ತಿ. ಇನ್ನೂ ಎತ್ತಿ. ದೊಡ್ಡಪ್ಪ, ನಿಮ್ಮ ಮೂಲೆ ಇಳೀತಿದೆ."

"ಈಗ ಯಾವ ಕಡೆ?" ದೊಡ್ಡಪ್ಪ ಅವಳನ್ನೇ ಕೇಳಿದರು.

"ನೇರ. ನಿಧಾನ."

ಅಗಸಗಿತ್ತಿಯರು ಚಾವಣಿಯ ಕಡೆ ಮುಖ ಮಾಡಿ ತೇಲುತ್ತಾ ಬಂದರು. ಕೆಳಗೆ ನೆರಳು ಕವಿಯಿತು. ಮುಂಬಾಗಿಲಿನ ಬೆಳಕು ಬಟ್ಟೆಯೊಳಗಿಂದ ಸೋಸಿ ಇಳಿಯುತ್ತಿತ್ತು. ಮಲಗಿದ್ದವನ ಮುಖದ ಮೇಲೆ ಮೊದಲು ಅಪ್ಪನ ಪಟ್ಟಿ ಹಾದುಹೋಯಿತು, ಆಮೇಲೆ ನಡುವಿನ ಅಡ್ಡಪಟ್ಟಿ. ಎರಡು ಬದಿಗೂ ಇನ್ನೂ ಹಸಿ ಮರದ ವಾಸನೆಯ ಹೊಸ ಪಟ್ಟಿಗಳು, ಅವುಗಳ ಮೇಲೆ ಸಾಲಾಗಿ ಮೊಳೆಯ ತಲೆಗಳು, ಮೂಲೆಗಳಲ್ಲಿ ಬೆಣೆಗಳು. ಗಂಟಿಲ್ಲದ, ಸುಕ್ಕಿಲ್ಲದ ಆ ಹಿಂಬದಿ ಅವನ ಮುಚ್ಚಿದ ಕಣ್ಣುಗಳ ಮೇಲೆ ಒಂದು ತೋಳಿನಷ್ಟು ಎತ್ತರದಲ್ಲಿ, ಓದುವುದಕ್ಕೆ ಹಿಡಿದ ಹಾಗೆ, ನಿಧಾನವಾಗಿ ದಾಟುತ್ತಿತ್ತು.